ಪೀರ್‌ಸಾಬರ ಬಿಳಿ ದಾರ

ಕತ್ತಲಗೆರೆ ಸುತ್ತಮುತ್ತ ಯಾರ ತೋಟಕ್ಕಾದರೂ ಹೋಗಿ, ಮೋಟಾರಿನ ಸ್ಟಾರ್ಟರ್ ಡಬ್ಬಿ ತೆರೆದು ನೋಡಿ. ಒಳಗೆ ಹಲ್ಲಿ ಮೊಟ್ಟೆ ಇರುತ್ತದೆ, ಜೇಡರ ಬಲೆ ಇರುತ್ತದೆ. ಹೋದ ವರ್ಷದವರೆಗೆ ಒಂದು ವೈರಿಗೆ ಕಟ್ಟಿದ ಬಿಳಿ ದಾರವೂ ಇರುತ್ತಿತ್ತು. ದಾರ ಇದ್ದರೆ ಆ ಡಬ್ಬಿಗೆ ಚನ್ನಗಿರಿಯ ಪೀರ್‌ಸಾಬರು ಕೈ ಹಾಕಿದ್ದಾರೆ ಎಂದು ತಿಳಿಯಬೇಕು. ಅದು ದರ್ಗಾದಲ್ಲಿ ಪ್ರಾರ್ಥನೆ ಓದಿಸಿ ತಂದ ದಾರ, ಅದನ್ನು ಕಟ್ಟಿದ ಮೋಟಾರು ಸುಡುವುದಿಲ್ಲ ಎಂದು ಜನ ನಂಬಿದ್ದರು. ಪೀರ್‌ಸಾಬರು ಈ ಮಾತಿಗೆ ಹೌದು ಅಂದವರಲ್ಲ, ಅಲ್ಲ ಅಂದವರೂ ಅಲ್ಲ. ಗಡ್ಡ ಸವರಿಕೊಂಡು ಸುಮ್ಮನಾಗುತ್ತಿದ್ದರು.

ದರ್ಗಾಕ್ಕೂ ಆ ದಾರಕ್ಕೂ ಏನೂ ಸಂಬಂಧವಿರಲಿಲ್ಲ. ಅವರ ಹೆಂಡತಿ ದಿಲ್‌ಶಾದ್ ಬೇಗಂ ಮನೆಯಲ್ಲಿ ರವಿಕೆ ಹೊಲಿಯುತ್ತಾರೆ; ಅವರ ಮಿಷನ್ನಿನ ಉಂಡೆಯಿಂದ ಕಿತ್ತ ದಾರ ಅದು. ಪೀರ್‌ಸಾಬರು ಅದನ್ನು ಕೆಂಪು ವೈರಿಗೆ ಕಟ್ಟುತ್ತಿದ್ದರು, ಏಕೆಂದರೆ ಅವರ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಎರಡೂ ಒಣಗಿದ ಹುಲ್ಲಿನ ಹಾಗೆ ಕಾಣುತ್ತವೆ. ಇಪ್ಪತ್ತಾರು ವರ್ಷದಿಂದ ವೈರಿನ ಕೆಲಸ ಮಾಡುವ ಮನುಷ್ಯನಿಗೆ ವೈರಿನ ಬಣ್ಣ ಗೊತ್ತಾಗುವುದಿಲ್ಲ! ಈ ವಿಷಯ ಹೆಂಡತಿಗೆ ಗೊತ್ತಿತ್ತು, ಮಗಳು ಆಯಿಷಾಗೆ ಗೊತ್ತಿತ್ತು. ಮೂರನೆಯವರ ಕಿವಿಗೆ ಬಿದ್ದಿರಲಿಲ್ಲ.

ನಗುವವರು ಸ್ವಲ್ಪ ತಡೆಯಿರಿ. ಅವರ ಕೆಲಸದಲ್ಲಿ ಅಲ್ಲಿಯವರೆಗೆ ಒಂದು ತಪ್ಪೂ ಆಗಿರಲಿಲ್ಲ.

ಪೀರ್‌ಸಾಬರು ಹುಟ್ಟಿದ್ದು ಜಗಳೂರು ಕಡೆಯ ಬಿಳಿಚೋಡಿನಲ್ಲಿ. ತಂದೆ ಊರವರ ಕುರಿ ಮೇಯಿಸುತ್ತಿದ್ದರು. ನಾಗರಾಜಪ್ಪನವರ ಕುರಿಗಳ ಬೆನ್ನಿಗೆ ಕೆಂಪು ಬಣ್ಣ, ಮರುಳಪ್ಪನವರ ಕುರಿಗಳಿಗೆ ಹಸಿರು. ಎಂಟು ವರ್ಷದ ಪೀರ್‌ಸಾಬನಿಗೆ ಒಂದು ಸಂಜೆ ಕುರಿ ಬೇರ್ಪಡಿಸಿ ಹೊಡೆದುಕೊಂಡು ಹೋಗು ಅಂದರೆ, ಅವರದು ಇವರ ದೊಡ್ಡಿಗೆ, ಇವರದು ಅವರ ದೊಡ್ಡಿಗೆ ಸೇರಿಸಿಬಿಟ್ಟ. ಆಟದ ಮೇಲೆ ಗಮನ ಅಂದುಕೊಂಡು ತಂದೆ ಬಾರಿಸಿದರು. ಎರಡನೇ ಸಲವೂ ಹಾಗೇ ಆದಾಗ ಇನ್ನೂ ಜೋರಾಗಿ ಬಾರಿಸಿದರು. ಮೂರನೇ ಸಲ ಹುಡುಗ ತಪ್ಪಲಿಲ್ಲ. ಮರುಳಪ್ಪನವರ ಕುರಿಗಳ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುವುದನ್ನು ಅವನು ನೋಡಿಟ್ಟುಕೊಂಡಿದ್ದ. ಬಣ್ಣ ಬಿಟ್ಟು ಬೇರೆ ಏನಾದರೊಂದು ಗುರುತು ಹುಡುಕಬೇಕು ಎಂಬ ಬುದ್ಧಿ ಅಂದು ಬಂದದ್ದು ಪೀರ್‌ಸಾಬರನ್ನು ಮತ್ತೆಂದೂ ಬಿಟ್ಟು ಹೋಗಲಿಲ್ಲ.

ಹಾಗೆ ನೋಡಿದರೆ ಅವರಷ್ಟು ಚೆನ್ನಾಗಿ ಸಾಮಾನು ನೋಡುವವರು ಕಡಿಮೆ. ಮಿಕ್ಸಿ ಜಾರು ಕೂರುವುದಿಲ್ಲ ಎಂದು ಹೆಂಗಸರು ಒದ್ದಾಡಿದರೆ, ಜಾರಿಗೂ ಮಿಕ್ಸಿಗೂ ಎದುರುಬದುರಾಗಿ ಬಿಳಿ ಬಣ್ಣದ ಒಂದೊಂದು ಬೊಟ್ಟು ಇಟ್ಟು ಕೊಡುತ್ತಾರೆ. ಬೊಟ್ಟಿಗೆ ಬೊಟ್ಟು ಕೂಡಿಸಿದರೆ ಜಾರು ಟಕ್ಕನೆ ಕೂರುತ್ತದೆ. ಕಣ್ಣು ಮಂಜಾದ ಮುದುಕರ ಟೀವಿ ರಿಮೋಟಿನಲ್ಲಿ ಬೇಕಾದ ನಾಲ್ಕು ಗುಂಡಿ ಬಿಟ್ಟು ಉಳಿದದ್ದಕ್ಕೆಲ್ಲ ಪಟ್ಟಿ ಅಂಟಿಸಿಬಿಡುತ್ತಾರೆ. ಒಮ್ಮೆ ನ್ಯಾಮತಿಯ ನೆಂಟರ ಮನೆಗೆ ಊಟಕ್ಕೆ ಹೋದವರು, ಪಡಸಾಲೆಯ ಫ್ಯಾನಿನ ಸ್ವಿಚ್ಚು ಹುಡುಕಿ ಮೂರು ಸಲ ದೀಪ ಆರಿಸಿ, ಕೊನೆಗೆ ಆ ಬೋರ್ಡನ್ನೇ ಬಿಚ್ಚಿ ಸರಿಯಾದ ಸಾಲಿನಲ್ಲಿ ಕೂರಿಸಿ ಊಟಕ್ಕೆ ಕುಳಿತರು. ಬಿರಿಯಾನಿ ಆರಿಹೋಗಿತ್ತು.

ಅವರ ಕೋಪವೆಲ್ಲ ಹೊಸ ಸಾಮಾನಿನ ಮೇಲೆ. ಹಳೆಯ ಸ್ಟಾರ್ಟರಿನಲ್ಲಿ ಎರಡು ದೀಪ ಇರುತ್ತಿದ್ದವು. ಮೇಲಿನದು ಹತ್ತಿದರೆ ಮೋಟಾರು ಓಡುತ್ತಿದೆ, ಕೆಳಗಿನದು ಹತ್ತಿದರೆ ನಿಂತಿದೆ. ಬಣ್ಣ ಯಾವುದಾದರೂ ಇರಲಿ, ಮೇಲೆ ಕೆಳಗೆ ನೋಡಿದರೆ ಸಾಕಿತ್ತು. ಯಾವನೋ ಪುಣ್ಯಾತ್ಮ ಏಸಿ ಕೋಣೆಯಲ್ಲಿ ಕುಳಿತು ಎರಡು ದೀಪ ಯಾಕೆ, ಒಂದು ಸಾಕಲ್ಲ ಎಂದುಕೊಂಡ. ಈಗ ಒಂದೇ ದೀಪ, ಅದೇ ಕೆಂಪಾಗುತ್ತದೆ, ಅದೇ ಹಸಿರಾಗುತ್ತದೆ. ಮೋಟಾರು ಚಾಲೂ ಮಾಡುವ ಮೊಬೈಲ್ ಆ್ಯಪಿನಲ್ಲೂ ಅದೇ ಕಥೆ, ಮೂಲೆಯಲ್ಲಿ ಸಾಸಿವೆಯಷ್ಟು ಚುಕ್ಕಿ. ಚುಕ್ಕಿಯ ಪಕ್ಕದಲ್ಲಿ ಒಂದು ಮಾತು ಬರೆದಿದ್ದರೆ ಇವರಪ್ಪನ ಗಂಟು ಹೋಗುತ್ತಿತ್ತೇ? ಪೀರ್‌ಸಾಬರು ಹೊನ್ನಾಳಿಯಿಂದ ಸೂಳೆಕೆರೆಯವರೆಗೆ ಎಲ್ಲ ರೈತರ ಫೋನನ್ನೂ ಅವರ ಕೈಗೇ ಕೊಟ್ಟು, "ಏನ್ ತೋರಿಸ್ತೈತೆ ನೀವೇ ಹೇಳ್ರಿ, ನಿಮಗೂ ರೂಢಿ ಆಗ್ಬೇಕಲ್ಲ" ಅನ್ನುತ್ತಿದ್ದರು. ಸಾಬರು ಎಷ್ಟು ತಾಳ್ಮೆಯಿಂದ ಕಲಿಸುತ್ತಾರೆ ಎಂದು ಜನ ಹೊಗಳುತ್ತಿದ್ದರು. ಹೊಗಳಿದಾಗೆಲ್ಲ ಇವರಿಗೆ ಒಳಗೊಳಗೇ ಮುಜುಗರವಾಗುತ್ತಿತ್ತು.

ವೈರುಗಳ ವಿಷಯದಲ್ಲಿ ಲೆಕ್ಕ ಸುಲಭವಿತ್ತು. ಕರೆಂಟು ತರುವ ವೈರು ಮೂರು: ಕೆಂಪು, ಹಳದಿ, ನೀಲಿ. ಹಳದಿ, ನೀಲಿ ಅವರಿಗೂ ಚೆನ್ನಾಗಿ ಕಾಣುತ್ತವೆ. ತೊಂದರೆ ಕೊಡುವುದು ನಾಲ್ಕನೆಯದು, ನೆಲಕ್ಕೆ ಹೋಗುವ ಅರ್ಥಿಂಗಿನ ಹಸಿರು ವೈರು. ಅದು ತಗಡಿನ ಡಬ್ಬಿಗೆ ಸೇರಬೇಕಾದದ್ದು. ಕೆಂಪಿನ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕೆಂಪು ಹೋದರೆ ಡಬ್ಬಿಗೇ ಕರೆಂಟು ಹರಿಯುತ್ತದೆ, ಮುಟ್ಟಿದವರು ಉಳಿಯುವುದಿಲ್ಲ. ಅದಕ್ಕೇ ಪ್ರತಿಯೊಂದು ಡಬ್ಬಿಗೂ ಮೊದಲ ಸಲ ಕೈ ಹಾಕಿದಾಗ ಕರೆಂಟು ಇರುವ ಹೊತ್ತಿನಲ್ಲಿ ಟೆಸ್ಟರ್ ಮುಟ್ಟಿಸಿ, ಕೆಂಪು ಯಾವುದೆಂದು ಕಂಡುಕೊಂಡು ದಾರ ಕಟ್ಟುತ್ತಿದ್ದರು. ಆಮೇಲೆ ಯಾವತ್ತು ಹೋದರೂ ದಾರವೇ ದಾರಿ ತೋರಿಸುತ್ತಿತ್ತು.

ಹೋದ ವರ್ಷ ಆಯುಧ ಪೂಜೆ ಮುಗಿದು ಐದನೇ ದಿನ ಕತ್ತಲಗೆರೆಯ ಮಹೇಶ್ವರಪ್ಪನವರ ಫೋನು ಬಂತು. "ಸಾಬ್ರೇ, ಡಬ್ಬಿಯಾಗೆ ಸುಟ್ಟ ವಾಸನೆ ಬಂತು. ಕಾಂಟ್ಯಾಕ್ಟರ್ ಹೋಗೈತೆ. ನಿಮಗೆ ಕೆಲ್ಸ ಹಗುರ ಆಗ್ಲಿ ಅಂತ ನಾನೇ ಬಿಚ್ಚಿ ಇಟ್ಟೀನಿ. ಹೊಸದು ತಗೊಂಡು ಬಂದ್ಬಿಡ್ರಿ. ಹನ್ನೆರಡಕ್ಕೆ ತ್ರೀ ಫೇಸ್ ಕರೆಂಟು ಕೊಡ್ತಾರೆ."

ಪೀರ್‌ಸಾಬರು ಹನ್ನೊಂದೂವರೆಗೆ ತೋಟದಲ್ಲಿದ್ದರು. ಡಬ್ಬಿಯ ಬಾಗಿಲು ತೆಗೆದರು. ನಾಲ್ಕು ವೈರು ಬಿಚ್ಚಿಕೊಂಡು ನೇತಾಡುತ್ತಿದ್ದವು. ನಾಲ್ಕಕ್ಕೂ ದಾರ ಕಟ್ಟಿತ್ತು.

ಅವರು ಒಂದು ಗಳಿಗೆ ಬಾಗಿಲು ಹಿಡಿದುಕೊಂಡೇ ನಿಂತರು. "ಇದೇನ್ರಿ, ದಾರ?"

"ಅದಾ, ನಮ್ಮನೆಯವಳ ಕೆಲ್ಸ" ಎಂದರು ಮಹೇಶ್ವರಪ್ಪ. "ಆಯುಧ ಪೂಜೆ ದಿವ್ಸ ಡಬ್ಬಿ ಒರೆಸಿ ವಿಭೂತಿ ಹಚ್ಚಿದ್ಲು. ಒಂದಕ್ಕೇ ದಾರ ಐತೆ, ಅದೂ ಕರ್ರಗಾಗೈತೆ, ಉಳಿದವೇನ್ ಪಾಪ ಮಾಡ್ಯಾವೆ ಅಂತ ಹಳೇದು ತೆಗೆದು ನಾಲ್ಕಕ್ಕೂ ಹೊಸದು ಕಟ್ಟಿದ್ಲು. ದರ್ಗಾದ್ದಲ್ಲ, ನಮ್ಮ ಮಠದಾಗಿಂದ ತಂದಿದ್ದು. ಏನೂ ತಪ್ಪಿಲ್ಲಲ್ಲ?"

"ಏನಿಲ್ಲ ಬಿಡ್ರಿ" ಎಂದರು ಪೀರ್‌ಸಾಬರು.

ಮೋಟಾರಿಗೆ ಕರೆಂಟು ಕೂಡಿಸುವ ಹೊಸ ಕಾಂಟ್ಯಾಕ್ಟರನ್ನು ಕೂರಿಸಿ, ಹಳದಿ, ನೀಲಿ ವೈರುಗಳನ್ನು ಅವುಗಳ ಜಾಗಕ್ಕೆ ಸೇರಿಸಿದರು. ಉಳಿದದ್ದು ಎರಡು. ಎರಡಕ್ಕೂ ವಿಭೂತಿಯ ಧೂಳು, ಎರಡಕ್ಕೂ ಅರಿಶಿನದ ದಾರ. ಮಹೇಶ್ವರಪ್ಪ ಬೀಡಿ ಹಚ್ಚಲು ಆಚೆ ತಿರುಗಿದಾಗ ಫೋನಿನಲ್ಲಿ ಫೋಟೋ ತೆಗೆದು ಮಗಳಿಗೆ ಕಳಿಸಿದರು. ಆಯಿಷಾ ಚನ್ನಗಿರಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಾಳೆ. ಇಂಥ ಫೋಟೋ ಅವಳಿಗೆ ಹೊಸದಲ್ಲ. ಆದರೆ ತೋಟದಲ್ಲಿ ಟವರ್ ಸರಿಯಿಲ್ಲದೆ ಫೋಟೋ ಹೋಗದೆ ಸುತ್ತುತ್ತಲೇ ಇತ್ತು.

ಅವರು ಬಾಯಿಬಿಟ್ಟು ಒಂದು ಮಾತು ಕೇಳಬಹುದಿತ್ತು: ಕೆಂಪು ಯಾವುದ್ರಿ ಇದರಲ್ಲಿ? ಮಹೇಶ್ವರಪ್ಪ ಬೆರಳು ತೋರಿಸುತ್ತಿದ್ದರು, ಕೆಲಸ ಮುಗಿಯುತ್ತಿತ್ತು. ಹನ್ನೆರಡಾಗುವವರೆಗೆ ಕಾದು, ಕರೆಂಟು ಬಂದ ಮೇಲೆ ಬಿಡಿ ವೈರಿಗೆ ಟೆಸ್ಟರ್ ಮುಟ್ಟಿಸಿದ್ದರೂ ತಿಳಿಯುತ್ತಿತ್ತು. ಆದರೆ ಇಪ್ಪತ್ತಾರು ವರ್ಷ ಮುಚ್ಚಿಟ್ಟದ್ದು ಅಷ್ಟು ಸುಲಭವಾಗಿ ಬಾಯಿಗೆ ಬರುತ್ತದೆಯೇ? ಅದರ ಮೇಲೆ ಮಹೇಶ್ವರಪ್ಪ ತಮಾಷೆಗೆ, "ಏನ್ ಸಾಬ್ರೇ, ಕೆಂಪು ಹಸಿರು ಕಣ್ಣೆದುರಿಗೇ ಐತೆ, ಇನ್ನೂ ಏನ್ ಯೋಚ್ನೆ ಮಾಡ್ತೀರಿ?" ಅಂದುಬಿಟ್ಟರು. ಪೀರ್‌ಸಾಬರ ಕಿವಿ ಬಿಸಿಯಾಯಿತು. ಎರಡರಲ್ಲಿ ಸ್ವಲ್ಪ ಗಾಢವಾಗಿ ಕಂಡದ್ದನ್ನು ಕೆಂಪು ಎಂದುಕೊಂಡು ಬಿಗಿದರು, ಇನ್ನೊಂದನ್ನು ಡಬ್ಬಿಗೆ ಸೇರಿಸಿದರು. ಕರೆಂಟು ಬಂದಕೂಡಲೇ ಯಾರೂ ಮುಟ್ಟುವ ಮೊದಲು ಡಬ್ಬಿಗೆ ಟೆಸ್ಟರ್ ಹಿಡಿದು ನೋಡಿದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹೆಮ್ಮೆಗೆ ಬಿದ್ದ ಮನುಷ್ಯ ಹೀಗೇ ಸಮಾಧಾನ ಹೇಳಿಕೊಳ್ಳುವುದು.

ಹನ್ನೆರಡಕ್ಕೆ ಪಂಪ್‌ಹೌಸಿನ ಬಲ್ಬು ಹತ್ತಿತು. ಪೀರ್‌ಸಾಬರು ಮೇನ್ ಸ್ವಿಚ್ಚು ಮೇಲೆತ್ತಿ ಜೇಬಿನಿಂದ ಟೆಸ್ಟರ್ ತೆಗೆದರು.

ಅವರು ಒಂದನ್ನು ಮರೆತಿದ್ದರು. ಆ ಮನೆಯಲ್ಲಿ ಮೋಟಾರು ರಿಪೇರಿಯಾದಾಗಲೆಲ್ಲ ಮಹೇಶ್ವರಪ್ಪನವರ ಹೆಂಡತಿ ಪ್ರೇಮಮ್ಮ ಬಂದು, ನೀರು ಬರುವ ಮೊದಲು ಡಬ್ಬಿಗೆ ಕುಂಕುಮ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಪದ್ಧತಿ. ಆ ದಿನವೂ ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಂಡು, ಬರಿಗಾಲಲ್ಲಿ, ಎಡಗೈಯಲ್ಲಿ ತಟ್ಟೆ ಹಿಡಿದು ಪಕ್ಕದಿಂದ ಬಂದರು. ಪೀರ್‌ಸಾಬರ ಟೆಸ್ಟರು ಡಬ್ಬಿಗೆ ತಗುಲಿ ಅದರೊಳಗಿನ ಸಣ್ಣ ದೀಪ ಹತ್ತಿದ್ದೂ, ನೀರು ತೊಟ್ಟಿಕ್ಕುವ ಪ್ರೇಮಮ್ಮನವರ ಬಲಗೈ ಡಬ್ಬಿಯ ಕಡೆ ಚಾಚಿದ್ದೂ ಒಂದೇ ಹೊತ್ತಿಗೆ.

ಪೀರ್‌ಸಾಬರು ಮೊಣಕೈಯಿಂದ ತಟ್ಟೆಗೆ ಜೋರಾಗಿ ಹೊಡೆದರು. ತಟ್ಟೆ ಹಾರಿತು, ಕುಂಕುಮ ಚೆಲ್ಲಿತು, ಪ್ರೇಮಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕುಕ್ಕರಿಸಿದರು. ಪೀರ್‌ಸಾಬರು ಮೇನ್ ಸ್ವಿಚ್ಚು ಕೆಳಗೆಳೆದು ಅದಕ್ಕೇ ಒರಗಿಕೊಂಡರು.

"ಸಾಬ್ರೇ" ಎಂದರು ಮಹೇಶ್ವರಪ್ಪ. ದನಿ ಬದಲಾಗಿತ್ತು. "ಪೂಜೆ ತಟ್ಟೆಗೆ ಹೊಡೀತಾರೇನ್ರಿ?"

"ದೂರ ನಿಲ್ರಿ ಇಬ್ರೂ." ಪೀರ್‌ಸಾಬರು ಮತ್ತೆ ಸ್ವಿಚ್ಚು ಎತ್ತಿ, ಡಬ್ಬಿಗೆ ಟೆಸ್ಟರ್ ಮುಟ್ಟಿಸಿ ತೋರಿಸಿದರು. ದೀಪ ಹತ್ತಿತು. ಸ್ವಿಚ್ಚು ಇಳಿಸಿದರು. ಮಹೇಶ್ವರಪ್ಪ ದೀಪ ನೋಡಿದರು, ಹೆಂಡತಿಯ ಒದ್ದೆ ಕೈ ನೋಡಿದರು. ಬಾಯಲ್ಲಿದ್ದ ಬೀಡಿ ಕೆಳಗೆ ಬಿತ್ತು.

ಕೊನೆಗೆ ಮಹೇಶ್ವರಪ್ಪನವರೇ ಒಂದು ದಾರಿ ತೋರಿಸಿದರು. "ಈ ಹೊಸ ಸಾಮಾನು ಸರಿಯಿಲ್ಲ ನೋಡ್ರಿ. ಡೂಪ್ಲಿಕೇಟ್ ಕೊಟ್ಟಾರೆ ಅಂಗಡಿಯವರು."

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಪೀರ್‌ಸಾಬರ ಬಾಯಿಗೆ ಆ ಮಾತು ಬಂದೂ ಇತ್ತು. ಆದರೆ ಪ್ರೇಮಮ್ಮ ನೆಲದ ಮೇಲೆ ಕುಳಿತು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಅದನ್ನು ಕಂಡು ಸುಳ್ಳು ಹೇಳಲು ಅವರಿಂದ ಆಗಲಿಲ್ಲ.

"ಸಾಮಾನು ಸರಿ ಐತ್ರಿ. ತಪ್ಪು ನಂದು. ನನಗೆ ಕೆಂಪು ಹಸಿರು ತಿಳಿಯಾಕಿಲ್ಲ."

"ತಿಳಿಯಾಕಿಲ್ಲ ಅಂದ್ರೆ?"

"ಹುಟ್ಟಿದಾಗಿಂದ ಹಿಂಗೆ. ಎರಡೂ ಒಂದೇ ಥರ ಕಾಣ್ತಾವೆ. ಆ ದಾರ ನೋಡ್ಕೊಂಡೇ ನಾನು ಕೆಲ್ಸ ಮಾಡ್ತಿದ್ದೆ. ದಾರ ಇದ್ದಿದ್ದು ಕೆಂಪು. ಇವತ್ತು ನಾಲ್ಕಕ್ಕೂ ಇತ್ತು. ಕೇಳಾಕೆ ನಾಚಿಕೆ ಆತು."

ಹೇಳಿ ಮುಗಿಸಿದ ಪೀರ್‌ಸಾಬರಿಗೆ ಎದೆಯ ಮೇಲಿನ ಚಪ್ಪಡಿ ಯಾರೋ ಇಳಿಸಿದಂತಾಗಿತ್ತು. ಮರ್ಯಾದೆ ಹೋಯಿತು, ಕೆಲಸವೂ ಹೋಗುತ್ತದೆ, ಹೋಗಲಿ. ಹೆಣ ಬೀಳಲಿಲ್ಲವಲ್ಲ, ಅಷ್ಟೇ ಸಾಕು ಅನ್ನಿಸಿತು.

ಮೊದಲು ಮಾತಾಡಿದವರು ಪ್ರೇಮಮ್ಮ. "ಹಂಗಾರೆ ಅದು ದರ್ಗಾದ ದಾರ ಅಲ್ಲೇನು?"

"ಅಲ್ಲಕ್ಕ. ನಮ್ಮನೆಯವಳ ಹೊಲಿಗೆ ಮಿಷನ್ ದಾರ."

"ಮೂರು ವರ್ಷದಿಂದ ಸೋಮವಾರ ಸೋಮವಾರ ಅದಕ್ಕೆ ಊದಿನಕಡ್ಡಿ ಬೆಳಗೀನಿ ನಾನು."

ಮಹೇಶ್ವರಪ್ಪನವರಿಗೆ ಅದೆಲ್ಲಿಂದ ನಗು ಬಂತೋ, ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆದರಿ ಸತ್ತು ಬದುಕಿದವರ ನಗು ಅದು, ಬೇಗ ನಿಲ್ಲುವುದಿಲ್ಲ. ಪೀರ್‌ಸಾಬರೂ ನಕ್ಕರು. ಪ್ರೇಮಮ್ಮ ಮಾತ್ರ ನಗಲಿಲ್ಲ. ಎದ್ದು ಬಂದು, ಸ್ವಿಚ್ಚು ಇಳಿದಿದೆಯೇ ಎಂದು ಎರಡು ಸಲ ಕೇಳಿ, ದೂರದಿಂದಲೇ ಬೆರಳು ತೋರಿಸಿದರು. "ಅದು ಕೆಂಪು. ಇದು ಹಸಿರು." ಪೀರ್‌ಸಾಬರು ವೈರು ಬದಲಿಸಿದರು. ಈ ಸಲ ಟೆಸ್ಟರು ಹತ್ತಲಿಲ್ಲ. "ಈಗ ಮುಟ್ರಿ ಅಕ್ಕ, ಏನೂ ಆಗಾಕಿಲ್ಲ" ಎಂದರು. ಪ್ರೇಮಮ್ಮ ತಟ್ಟೆ ಎತ್ತಿಕೊಂಡು ಡಬ್ಬಿ ಮುಟ್ಟದೆ ಮನೆಗೆ ಹೊರಟುಹೋದರು.

ದಾರಿಯಲ್ಲಿ ಬರುವಾಗ ಆಯಿಷಾಳ ಉತ್ತರ ಬಂತು: ಅಬ್ಬಾಜಾನ್, ಎಡಗಡೆದು ಕೆಂಪು. ಪೀರ್‌ಸಾಬರು ಗಾಡಿ ನಿಲ್ಲಿಸಿ ಅದನ್ನು ಎರಡು ಸಲ ಓದಿ, ಆಮೇಲೆ ಹೊರಟರು.

ಮನೆಯಲ್ಲಿ ನಡೆದದ್ದೆಲ್ಲ ಹೇಳಿದರು. ದಿಲ್‌ಶಾದ್ ಬೇಗಂ ಬೈಯಲಿಲ್ಲ. ಕೈಯಲ್ಲಿದ್ದ ರವಿಕೆಯನ್ನು ಪಕ್ಕಕ್ಕಿಟ್ಟು, ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದರು. "ದಾರ ಯಾರು ಬೇಕಾದ್ರೂ ಕಟ್ತಾರೆ. ಇದನ್ನ ಕಟ್ರಿ." ಕೆಂಪಿಗೆ ಒಂದು ಗುಂಡಿ, ಹಳದಿಗೆ ಎರಡು, ನೀಲಿಗೆ ಮೂರು. ಅರ್ಥಿಂಗಿನ ವೈರಿಗೆ ಕೋಟಿನ ದೊಡ್ಡ ಪ್ಲಾಸ್ಟಿಕ್ ಗುಂಡಿ, ಕಣ್ಣು ಮುಚ್ಚಿ ಬೆರಳಾಡಿಸಿದರೂ ಬೇರೆ ಎಂದು ಗೊತ್ತಾಗುವಂಥದ್ದು. ಆಯಿಷಾ ಅದನ್ನೇ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ, ಡಬ್ಬಿಯ ಬಾಗಿಲಿನ ಒಳಗೆ ಅಂಟಿಸಲು ನೂರು ಚೀಟಿ ತೆಗೆದಳು. ಕೊನೆಯ ಸಾಲು ಅಪ್ಪನದೇ: ವೈರು ಬಿಚ್ಚುವ ಮುಂಚೆ ಗುಂಡಿ ನೋಡಿ, ಪೂಜೆ ಹೊರಗಿನ ಹಲಗೆಗೆ ಮಾಡಿ.

ಹಲಗೆ ಪೀರ್‌ಸಾಬರ ಸ್ವಂತ ಬುದ್ಧಿ. ಪೂಜೆ ಮಾಡಬೇಡಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ವಿಭೂತಿ ಹಚ್ಚುವ ಕೈಗೆ ಒಂದು ಜಾಗ ಬೇಕು ಅಷ್ಟೇ. ಡಬ್ಬಿಯ ಪಕ್ಕದ ಗೋಡೆಗೆ ಅಂಗೈ ಅಗಲದ ಮರದ ಹಲಗೆ ಹೊಡೆದರೆ ಆಯಿತು.

ಕೆಲಸ ಹೋಗುತ್ತದೆ ಎಂದು ಅವರು ಹೆದರಿದ್ದರು. ಮಹೇಶ್ವರಪ್ಪನವರ ಬಾಯಿ ಗೊತ್ತಿದ್ದವರು ಯಾರಾದರೂ ಹೆದರಲೇಬೇಕು. ಎರಡೇ ದಿನಕ್ಕೆ ಸೂಳೆಕೆರೆಯ ಮೀನು ಹಿಡಿಯುವವರಿಗೂ ಸುದ್ದಿ ಮುಟ್ಟಿತ್ತು. ಮೂರು ದಿನ ಫೋನು ಸುಮ್ಮನಿತ್ತು. ನಾಲ್ಕನೇ ದಿನ ಹೊನ್ನಾಳಿ ಕಡೆಯ ಮುರುಗೇಶಪ್ಪ ಎಂಬ ರೈತರು ಫೋನು ಮಾಡಿದರು. "ಅದೇನೋ ಗುಂಡಿ ಕಟ್ತೀರಂತಲ್ಲ ಸಾಬ್ರೇ, ನಮ್ಮದಕ್ಕೂ ಕಟ್ಟಿ ಕೊಡ್ರಿ. ಎರಡು ವರ್ಷದ ಧೂಳು ಕೂತು ವೈರೆಲ್ಲ ಕರ್ರಗಾಗ್ಯಾವೆ. ಕಣ್ಣು ಸರಿ ಇದ್ದೋರಿಗೂ ಯಾವ ಬಣ್ಣ ಅಂತ ಕಾಣಾಕಿಲ್ಲ."

ತಮ್ಮೊಬ್ಬರದೇ ಕೊರತೆ ಎಂದು ಪೀರ್‌ಸಾಬರು ಇಷ್ಟು ವರ್ಷ ಹೊತ್ತು ತಿರುಗಿದ್ದರು. ಅವರಿಗೆ ಅಳು ಬಂತು, ಖುಷಿಯೂ ಆಯಿತು.

ಆಮೇಲೆ ಅವರು ಮುಚ್ಚಿಡುವುದನ್ನು ಬಿಟ್ಟರು. ಆ್ಯಪಿನ ಚುಕ್ಕಿ ಬಂದರೆ, "ನನಗೆ ಬಣ್ಣ ಕಾಣಾಕಿಲ್ಲ, ನೋಡಿ ಹೇಳ್ರಿ" ಅನ್ನುತ್ತಾರೆ. ಚುಕ್ಕಿಯ ಪಕ್ಕ ಎರಡಕ್ಷರ ಬರೆಯಿರಿ ಎಂದು ಆಯಿಷಾ ಆ ಕಂಪನಿಗೆ ಮೂರು ಸಲ ಬರೆದಳು. ಮೂರು ಸಲವೂ ನಿಮ್ಮ ಸಲಹೆಗೆ ಧನ್ಯವಾದ ಎಂದು ಉತ್ತರ ಬಂತು. ಚುಕ್ಕಿ ಚುಕ್ಕಿಯಾಗಿಯೇ ಇದೆ.

ಎಲ್ಲ ಸರಿಹೋಯಿತು, ಒಂದು ಬಿಟ್ಟು. ಪ್ರೇಮಮ್ಮ ಆ ಡಬ್ಬಿಯ ಹತ್ತಿರ ಹೋಗುವುದನ್ನೇ ನಿಲ್ಲಿಸಿದ್ದರು. ಮಹೇಶ್ವರಪ್ಪ ಊರಲ್ಲಿಲ್ಲದ ದಿನ ಮೋಟಾರು ಹಾಕಲು ಪಕ್ಕದ ತೋಟದವರನ್ನು ಕರೆಯುತ್ತಿದ್ದರಂತೆ. ಇದನ್ನು ಕೇಳಿದಾಗ ಪೀರ್‌ಸಾಬರಿಗೆ ಊಟ ಸೇರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಾವು ಮುಟ್ಟಿ ಸರಿಮಾಡಿದ ಸಾಮಾನನ್ನು ಒಬ್ಬರು ಹೆದರಿ ಮುಟ್ಟದಿರುವುದು ಅವರಿಗೆ ನುಂಗಲಾರದ ತುತ್ತಾಗಿತ್ತು.

ಈ ವರ್ಷದ ಆಯುಧ ಪೂಜೆಯ ಬೆಳಿಗ್ಗೆ ಅವರಾಗಿಯೇ ಕತ್ತಲಗೆರೆಗೆ ಹೋದರು. ಯಾರೂ ಕರೆದಿರಲಿಲ್ಲ. ಪಂಪ್‌ಹೌಸಿನ ಹಲಗೆಗೆ ಆಗಲೇ ಮೂರು ಪಟ್ಟೆ ವಿಭೂತಿ ಬಿದ್ದಿತ್ತು, ಮಹೇಶ್ವರಪ್ಪ ಹಚ್ಚಿದ್ದು. ಡಬ್ಬಿ ಮಾತ್ರ ಬೋಳಾಗಿತ್ತು. ಪ್ರೇಮಮ್ಮ ಹೂವಿನ ತಟ್ಟೆ ಹಿಡಿದು ಬಾಗಿಲಾಚೆ ನಿಂತಿದ್ದರು. ಒಳಗೆ ಮೋಟಾರು ಓಡುತ್ತಿತ್ತು.

ಪೀರ್‌ಸಾಬರು ಡಬ್ಬಿಯ ಬಾಗಿಲು ತೆಗೆದು ಗುಂಡಿಗಳನ್ನು ಬೆರಳಲ್ಲಿ ಎಣಿಸಿದರು. ಒಂದು, ಎರಡು, ಮೂರು, ಆಮೇಲೆ ದೊಡ್ಡದು. ಬಾಗಿಲು ಮುಚ್ಚಿ ಟೆಸ್ಟರ್ ಹಿಡಿದರು. ಹತ್ತಲಿಲ್ಲ. ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ನಿಂತರು.

"ಹೋದ ವರ್ಷ ನನ್ನ ಕೈ ಇಲ್ಲಿ ಇರ್ಬೇಕಿತ್ತು ಅಕ್ಕ. ನಿಮ್ಮದಲ್ಲ" ಎಂದು ಹೇಳಿ, ಬಲಗೈಯ ಅಂಗೈಯನ್ನು ಪೂರ್ತಿ ಡಬ್ಬಿಯ ಮೇಲೆ ಇಟ್ಟರು. ತೆಗೆಯಲಿಲ್ಲ. ಮೋಟಾರಿನ ನಡುಕ ಅಂಗೈಗೆ ತಗುಲುತ್ತಿತ್ತು.

ಪ್ರೇಮಮ್ಮ ಅವರ ಕೈಯನ್ನೇ ನೋಡಿದರು. ಆಮೇಲೆ ಒಳಗೆ ಬಂದು ಡಬ್ಬಿಯ ಮೇಲೆ ಹೂವಿಟ್ಟರು. ಪೀರ್‌ಸಾಬರ ಅಂಗೈಯ ಪಕ್ಕದಲ್ಲಿ ತಮ್ಮ ಕೈ ಇಟ್ಟು, ಕಣ್ಣಿಗೊತ್ತಿಕೊಂಡರು.

"ಇನ್ನು ಕೈ ತೆಗೀರಿ ಸಾಬ್ರೇ" ಎಂದರು. "ಮಂಡಕ್ಕಿ ಮಾಡೀನಿ, ತಿಂದು ಹೋಗ್ರಿ."